ತೊಂಬತ್ತಾರು ಮೇಕ್‌ಫೈಲ್‌ಗಳನ್ನು ಎಕ್ಲಿಪ್ಸ್‌ಗೆ ತಂದ ನನ್ನ ಅನುಭವ

ನಮ್ಮ ತಂಡದ ಕೋಡಿನಲ್ಲಿ ಸುಮಾರು 1,400 ಸಿ ಕಡತಗಳಿದ್ದವು. ಅವನ್ನು ಬಿಲ್ಡ್ ಮಾಡಲು, ಅಂದರೆ ಓಡುವ ಪ್ರೋಗ್ರಾಂ ಆಗಿಸಲು, 96 ಮೇಕ್‌ಫೈಲ್‌ಗಳು: ಯಾವ ಕಡತವನ್ನು ಹೇಗೆ ಕಂಪೈಲ್ ಮಾಡಬೇಕೆಂದು ಮೇಕ್ ಎಂಬ ಉಪಕರಣಕ್ಕೆ ಹೇಳುವ ಕಡತಗಳು. ಹೊಸಬರು ಒಂದು ಫಂಕ್ಷನ್ ಎಲ್ಲಿದೆಯೆಂದು ತಿಳಿಯಲು ಗ್ರೆಪ್ ಎಂಬ ಪಠ್ಯ ಹುಡುಕುವ ಆಜ್ಞೆ ಹಾಕಿಕೊಂಡು ಕೂರುತ್ತಿದ್ದರು. ಎಲ್ಲವನ್ನೂ ಎಕ್ಲಿಪ್ಸ್ ಸಿಡಿಟಿಗೆ (ಸಿ ಕೋಡ್ ಬರೆಯಲು, ಬಿಲ್ಡ್ ಮಾಡಲು ಬಳಸುವ ತಂತ್ರಾಂಶ) ತರುವ ಕೆಲಸ ನನ್ನ ಪಾಲಿಗೆ ಬಂತು. ಆ ಮೇಕ್‌ಫೈಲ್‌ಗಳಲ್ಲಿ ಅರ್ಧದಷ್ಟನ್ನು ಬರೆದಿದ್ದ ಹಿರಿಯ ಸಹೋದ್ಯೋಗಿಯ ಬಳಿ ಹೋದೆ. “ಓದಿ ಅರ್ಥ ಮಾಡಿಕೊಳ್ಳುವ ಆಸೆ ಇದ್ದರೆ ಬಿಟ್ಟುಬಿಡಿ, ನನಗೇ ಈಗ ಅರ್ಥವಾಗುವುದಿಲ್ಲ” ಎಂದು ನಕ್ಕರು.

ಅವರ ಮಾತು ಕೇಳದೆ ಒಂದು ವಾರ ಓದಿದೆ. ಒಂದು ಕಡತ ಇನ್ನೊಂದನ್ನು ಎಳೆದುಕೊಳ್ಳುತ್ತದೆ, ಅದು ಮೂರನೆಯದನ್ನು. ಒಂದೇ ವೇರಿಯಬಲ್ ಮೂರು ಕಡೆ ಬದಲಾಗುತ್ತದೆ, ಅದರಲ್ಲೊಂದು ಬೆಲೆ ಆಜ್ಞೆಗಳನ್ನು ನಡೆಸುವ ಶೆಲ್‌ನಿಂದ ಬರುತ್ತದೆ. ಇವತ್ತು ಬರೆದಿಟ್ಟ ಪಟ್ಟಿ ನಾಳೆಗೆ ಸುಳ್ಳು.

ಸುಲಭದ ದಾರಿ ಇಲ್ಲದೆ ಇರಲಿಲ್ಲ. ಈಗಿರುವ ಮೇಕ್‌ಫೈಲನ್ನೇ ಇಟ್ಟುಕೊಂಡು ಪ್ರಾಜೆಕ್ಟ್ ತೆರೆಯುವ ಆಯ್ಕೆ ಸಿಡಿಟಿಯಲ್ಲೇ ಇದೆ. ಬಿಲ್ಡ್ ಒತ್ತಿದರೆ ಅದು ಮೇಕನ್ನು ಕರೆಯುತ್ತದೆ, ಅಷ್ಟೇ. ಕೋಡ್ ಓದಲು, ಡೀಬಗ್ ಮಾಡಲು ಅಷ್ಟು ಸಾಕಿದ್ದರೆ ನೀವು ಇಲ್ಲಿಗೇ ಓದು ನಿಲ್ಲಿಸಬಹುದು. ನಮಗೆ ಮೇಕ್‌ಫೈಲ್ ಮುಟ್ಟದೆ ಹೊಸ ಕಡತ ಸೇರಿಸುವ ಅನುಕೂಲ ಬೇಕಿತ್ತು.

ಕೊನೆಗೆ ಓದುವುದನ್ನು ಬಿಟ್ಟು ಮೇಕ್ ಏನು ಮಾಡುತ್ತದೆಯೋ ಅದನ್ನೇ ಕೇಳಿಸಿಕೊಂಡೆ. ಮೊದಲು ಕ್ಲೀನ್ (ಹಿಂದಿನ ಬಿಲ್ಡಿನ ಕಡತಗಳನ್ನು ಅಳಿಸುವುದು), ಆಮೇಲೆ ಮೈನಸ್ ಎನ್ (-n) ಮತ್ತು ಮೈನಸ್ ಡಬ್ಲ್ಯೂ (-w) ಎಂಬ ಆಯ್ಕೆಗಳನ್ನು ಕೊಟ್ಟು ಮೇಕ್. ಎನ್ ಕೊಟ್ಟರೆ ಆಜ್ಞೆಗಳನ್ನು ನಡೆಸದೆ ಬರೀ ಮುದ್ರಿಸುತ್ತದೆ. ಆದರೆ ಮೇಕನ್ನೇ ಮತ್ತೆ ಕರೆಯುವ ಸಾಲುಗಳನ್ನು ಮಾತ್ರ ನಿಜವಾಗಿ ನಡೆಸುತ್ತದೆ, ಹಾಗಾಗಿ ಒಳಗಿನ ಫೋಲ್ಡರ್‌ಗಳಿಗೂ ತಾನೇ ಇಳಿಯುತ್ತದೆ. ಡಬ್ಲ್ಯೂ ಇದ್ದರೆ ಯಾವ ಫೋಲ್ಡರ್ ಹೊಕ್ಕಿತು, ಯಾವುದರಿಂದ ಹೊರಬಂತು ಎಂಬುದೂ ಸಿಗುತ್ತದೆ. ಅದಿಲ್ಲದಿದ್ದರೆ ಎರಡು ಚುಕ್ಕಿಯ (ಮೇಲಿನ ಫೋಲ್ಡರ್ ಎಂದು ಸೂಚಿಸುವ) ದಾರಿಗಳು ಎಲ್ಲಿಂದ ಶುರುವಾಗುತ್ತವೆಂದೇ ತಿಳಿಯುವುದಿಲ್ಲ.

ಬಂದ ಪಠ್ಯವನ್ನು ಒಂದು ಪೈಥಾನ್ ಸ್ಕ್ರಿಪ್ಟ್‌ಗೆ ಕೊಟ್ಟೆ: ಪ್ರತಿ ಕಂಪೈಲ್ ಸಾಲಿನಿಂದ ಕಡತದ ಹೆಸರು, ಹೆಡರ್‌ಗಳ (ಹಲವು ಸಿ ಕಡತಗಳು ಹಂಚಿಕೊಳ್ಳುವ ಘೋಷಣೆಗಳ ಕಡತಗಳು) ದಾರಿಗಳು, ಮ್ಯಾಕ್ರೋಗಳು (ಕಂಪೈಲ್‌ಗೆ ಮುನ್ನ ತಮ್ಮ ಬೆಲೆಯಾಗಿ ಬದಲಾಗುವ ಹೆಸರುಗಳು). ಒಂದೇ ದಾರಿ, ಒಂದೇ ಮ್ಯಾಕ್ರೋ ಇದ್ದವನ್ನು ಒಟ್ಟು ಮಾಡಿದರೆ 1,180 ಸಾಲುಗಳು ಒಂಬತ್ತೇ ಗುಂಪಿಗೆ ಇಳಿದವು. ಉಳಿದ 220 ಕಡತಗಳನ್ನು ಮೇಕ್ ಮುಟ್ಟುತ್ತಲೇ ಇರಲಿಲ್ಲ: ಹಳೆಯ ಪರೀಕ್ಷೆಗಳು, ಯಾರೋ ಬಿಟ್ಟುಹೋದ ನಕಲುಗಳು. ಸಿಡಿಟಿಗೆ ಆ ಸಂಕೋಚವಿಲ್ಲ. ಸೋರ್ಸ್ ಫೋಲ್ಡರಿನಲ್ಲಿ ಕಂಡ ಸಿ ಕಡತವನ್ನೆಲ್ಲ ಕಂಪೈಲ್ ಮಾಡುತ್ತದೆ. ಮೊದಲ ಬಿಲ್ಡಿನಲ್ಲೇ, ಒಂದು ಪ್ರೋಗ್ರಾಮಿಗೆ ಒಂದೇ ಇರಬೇಕಾದ ಮೇನ್ ಫಂಕ್ಷನ್ ಹಲವು ಕಡೆ ಇದೆ ಎಂದು ಕಂಪೈಲಾದ ತುಣುಕುಗಳನ್ನು ಜೋಡಿಸುವ ಲಿಂಕರ್ ಕೂಗಿಕೊಂಡಿತು. ಆ 220ನ್ನು ಹೊರಗಿಡುವ ಪಟ್ಟಿಯನ್ನೂ ಸ್ಕ್ರಿಪ್ಟೇ ಬರೆಯಿತು.

ಆಮೇಲೆ ಎಲ್ಲವೂ ಸಲೀಸಾಗಿ ಬಿಲ್ಡ್ ಆಯಿತು, ಒಂದು ಎಚ್ಚರಿಕೆಯೂ ಇಲ್ಲ. ಆ ಪ್ರೋಗ್ರಾಂ ಓಡುವ ಸರ್ಕ್ಯೂಟ್ ಬೋರ್ಡಿಗೆ ಹಾಕಿದರೆ 512 ಬೈಟ್ ದಾಟಿದ ಸಂದೇಶಗಳು ತುಂಡಾಗಿ ಬರುತ್ತಿದ್ದವು. ಎರಡು ದಿನ ಡ್ರೈವರನ್ನು ಬೈದೆ. ತಪ್ಪು ನನ್ನದೇ. ಕಾನ್ಫಿಗ್ ಎಂಬ ಹೆಸರಿನ ಹೆಡರ್ ಎರಡು ಇದ್ದವು: ಟಾರ್ಗೆಟ್ ಫೋಲ್ಡರಿನಲ್ಲಿರುವುದು ಬಫರ್ (ಸಂದೇಶ ಇಡುವ ಜಾಗ) ಅಳತೆ 2048 ಎನ್ನುತ್ತದೆ, ಕಾಮನ್ ಫೋಲ್ಡರಿನದು 512. ಮೇಕ್‌ಫೈಲಿನಲ್ಲಿ ಟಾರ್ಗೆಟ್ ಮೊದಲಿತ್ತು. ಎರಡೆರಡು ಬಾರಿ ಬಂದ ದಾರಿಗಳನ್ನು ತೆಗೆಯಲು ನಾನು ಪಟ್ಟಿಯನ್ನು ಸಾರ್ಟ್ ಮಾಡಿದ್ದೆ. ಇಂಗ್ಲಿಷ್ ಅಕ್ಷರಕ್ರಮದಲ್ಲಿ ಕಾಮನ್ ಮೇಲೆ ಬಂದು ಕೂತಿತ್ತು. ಕಂಪೈಲರ್ ಮೊದಲು ಸಿಕ್ಕಿದ್ದನ್ನು ತೆಗೆದುಕೊಳ್ಳುತ್ತದೆ, ಅದಕ್ಕೇನು ಗೊತ್ತು. ಹೆಡರ್ ದಾರಿಗಳನ್ನು ಎಂದೂ ಸಾರ್ಟ್ ಮಾಡಬೇಡಿ. ಮೊದಲ ಸಲ ಕಂಡದ್ದನ್ನು ಅದೇ ಜಾಗದಲ್ಲಿ ಉಳಿಸಿ ಮುಂದಿನವನ್ನು ಅಳಿಸಿ.

ಬಿಲ್ಡ್ ಆಯಿತೆಂಬ ಮಾತನ್ನು ಅಲ್ಲಿಂದ ಮುಂದೆ ನಂಬಲಿಲ್ಲ. ಅದೇ ಜಿಸಿಸಿ ಕಂಪೈಲರಿನಿಂದ, ಡೀಬಗ್ ಮಾಹಿತಿ ಇಲ್ಲದೆ, ಮೇಕ್ ಮತ್ತು ಸಿಡಿಟಿ ಎರಡೂ ಬಗೆಯಲ್ಲಿ ಬಿಲ್ಡ್ ಮಾಡಿ ಆಬ್ಜೆಕ್ಟ್ ಕಡತಗಳನ್ನು (ಪ್ರತಿ ಸಿ ಕಡತ ಕಂಪೈಲಾಗಿ ಸಿಗುವ ಕಡತ) ಬೈಟ್‌ಗೆ ಬೈಟ್ ಹೋಲಿಸಿದೆ. ಮುನ್ನೂರಕ್ಕೂ ಹೆಚ್ಚು ಬೇರೆ ಬಂದವು. ಗಾಬರಿಯಾಯಿತು. ನೋಡಿದರೆ ಬಹುಪಾಲು ಅಸರ್ಟ್‌ನ (ಷರತ್ತು ಸುಳ್ಳಾದರೆ ಪ್ರೋಗ್ರಾಂ ನಿಲ್ಲಿಸುವ ಮ್ಯಾಕ್ರೋ) ಕರಾಮತ್ತು: ಅದು ಕಡತದ ದಾರಿಯನ್ನೇ ಆಬ್ಜೆಕ್ಟಿನೊಳಗೆ ಬರೆದಿಡುತ್ತದೆ, ಸಿಡಿಟಿ ಡೀಬಗ್ ಎಂಬ ಫೋಲ್ಡರಿನಿಂದ ಬಿಲ್ಡ್ ಮಾಡುವುದರಿಂದ ದಾರಿ ಬೇರೆ. (ಆ ಫೋಲ್ಡರ್ ತೆರೆದು ನೋಡಿ, ಸಿಡಿಟಿಯೇ ಬರೆದುಕೊಂಡ ಮೇಕ್‌ಫೈಲ್ ಒಂದು ಕೂತಿರುತ್ತದೆ. ಅದನ್ನು ಕಂಡು ಹಿರಿಯರು ಬಹಳ ಹೊತ್ತು ನಕ್ಕರು.) ಕಡತದ ಹೆಸರು, ದಿನಾಂಕ, ಸಮಯದ ಮ್ಯಾಕ್ರೋಗಳಿಗೆ ಎರಡೂ ಕಡೆ ಒಂದೇ ಸುಳ್ಳು ಬೆಲೆ ಕೊಟ್ಟೆ. ಒಂದು ಕಡತ ಮಾತ್ರ ಉಳಿಯಿತು.

ಅದು ಟೈಮರ್ ಕಡತ. ಅದೊಂದಕ್ಕೆ ಮೇಕ್‌ಫೈಲಿನಲ್ಲಿ ಆಪ್ಟಿಮೈಸೇಶನ್ (ಕಂಪೈಲರ್ ಕೋಡನ್ನು ಚುರುಕುಗೊಳಿಸುವುದು) ಸೊನ್ನೆ ಎಂದು ಬರೆದಿತ್ತು. ನನ್ನ ಸ್ಕ್ರಿಪ್ಟ್ ಹೆಡರ್ ದಾರಿ, ಮ್ಯಾಕ್ರೋ ಬಿಟ್ಟು ಬೇರೇನನ್ನೂ ನೋಡುತ್ತಿರಲಿಲ್ಲ. ಯಾಕೆ ಹೀಗೆ ಎಂದು ಹಿರಿಯರನ್ನು ಕೇಳಿದೆ. ಪರದೆಯನ್ನು ಸ್ವಲ್ಪ ಹೊತ್ತು ನೋಡಿ, “ಕಾಯುವ ಲೂಪ್ ಮಾಯವಾಗುತ್ತಿತ್ತು. ಮರುದಿನ ಬೋರ್ಡ್ ಕೊಡಬೇಕಿತ್ತು” ಎಂದರು. ಆ ಲೂಪನ್ನು ಕಂಪೈಲರ್ ಅಳಿಸದಂತೆ ವಾಲಟೈಲ್ ಎಂಬ ಒಂದು ಪದ ಸೇರಿಸಿ, ಆ ಸಾಲನ್ನು ಮೇಕ್‌ಫೈಲಿನಿಂದಲೂ ತೆಗೆದೆವು.

ಬಿಡುಗಡೆಯ ಬಿಲ್ಡ್ ಇವತ್ತಿಗೂ ಮೇಕ್‌ನಲ್ಲೇ ನಡೆಯುತ್ತದೆ. ಸಿಡಿಟಿ ತನ್ನ ಸೆಟ್ಟಿಂಗ್‌ಗಳನ್ನು ಇಡುವ ಎಕ್ಸ್‌ಎಂಎಲ್ ಕಡತವನ್ನು ಇಬ್ಬರು ಒಟ್ಟಿಗೆ ಬದಲಿಸಿದರೆ ಬೆಸೆಯುವುದು ಪ್ರಾಣಸಂಕಟ, ಹಾಗಾಗಿ ಅದನ್ನು ಕೈಯಿಂದ ತಿದ್ದುವುದನ್ನು ನಿಲ್ಲಿಸಿ ಸ್ಕ್ರಿಪ್ಟ್‌ನಿಂದಲೇ ಮತ್ತೆ ಬರೆಸುತ್ತೇವೆ. ರಾತ್ರಿ ಒಮ್ಮೆ ಎರಡೂ ಕಡೆಯ ಕಡತಪಟ್ಟಿ ಹೋಲಿಸಿ, ವ್ಯತ್ಯಾಸವಿದ್ದರೆ ತಂಡಕ್ಕೆ ಮೇಲ್ ಹೋಗುತ್ತದೆ.