ಹಳೆ ವಿಂಚ್ ಕೊಳ್ಳುವ ಮುನ್ನ ಭಾರ ಹಾಕಿ ನೋಡಿ

ಮಳೆ ಹಿಡಿಯಿತೆಂದರೆ ಸಕಲೇಶಪುರ, ಮೂಡಿಗೆರೆ ಕಡೆಯ ತೋಟದ ರಸ್ತೆಗಳಲ್ಲಿ ಫೋರ್ ವೀಲ್ ಡ್ರೈವ್ ಜೀಪು ಕೂಡ ಹೂತುಕೊಳ್ಳುತ್ತದೆ. ಗಾಡಿಯ ಮುಂದೆ ವಿಂಚ್ (ಮೋಟಾರ್‌ನಿಂದ ಹಗ್ಗ ಸುತ್ತಿ ಗಾಡಿಯನ್ನು ಎಳೆಯುವ ಯಂತ್ರ) ಇದ್ದರೆ ಟ್ರ್ಯಾಕ್ಟರ್‌ಗೆ ಕಾಯಬೇಕಿಲ್ಲ. ಹೊಸದಕ್ಕೆ ದುಡ್ಡು ಜಾಸ್ತಿ ಅಂತ ಹಳೆಯದನ್ನು ಹುಡುಕುವವರು ಬಹಳ. ಅದರಲ್ಲಿ ತಪ್ಪೇನಿಲ್ಲ. ಆದರೆ ನೆಲದ ಮೇಲಿಟ್ಟು ಮೋಟಾರ್ ತಿರುಗಿಸಿ ತೋರಿಸಿದ್ದನ್ನು ನಂಬಿ ದುಡ್ಡು ಕೊಡಬೇಡಿ. ಭಾರವಿಲ್ಲದಿದ್ದರೆ ಸವೆದ ವಿಂಚೂ ಸಲೀಸಾಗಿ ತಿರುಗುತ್ತದೆ.

ಮೊದಲು ಲೆಕ್ಕ. ಗಾಡಿ, ಜನ, ಸಾಮಾನು ಸೇರಿ ಎಷ್ಟು ತೂಕವೋ ಅದರ ಒಂದೂವರೆ ಪಟ್ಟು ಎಳೆಯುವ ವಿಂಚ್ ಬೇಕು. 2,200 ಕೆ.ಜಿ. ಆದರೆ ಕನಿಷ್ಠ 3,300 ಕೆ.ಜಿ. ಮಾರುಕಟ್ಟೆಯಲ್ಲಿ ಸಾಮಾನ್ಯವಾಗಿ ಸಿಗುವ 9,500 ಪೌಂಡ್‌ನ ವಿಂಚ್ ಎಂದರೆ ಸುಮಾರು 4,300 ಕೆ.ಜಿ. ಇದು ಹಗ್ಗ ಸುತ್ತುವ ಡ್ರಮ್‌ಗೆ ಅಂಟಿದ ಮೊದಲ ಪದರದ ಬಲ ಮಾತ್ರ. ಹಗ್ಗ ಒಂದರ ಮೇಲೊಂದು ಪದರವಾಗಿ ಸುತ್ತಿಕೊಂಡಂತೆ ಬಲ ಇಳಿಯುತ್ತದೆ. 12 ವೋಲ್ಟ್‌ನದೇ ಎಂದೂ ನೋಡಿಕೊಳ್ಳಿ. 24 ವೋಲ್ಟ್‌ನದು ಜೀಪಿಗೆ ಆಗುವುದಿಲ್ಲ.

ಹಗ್ಗ ಹಾಳಾಗಿದ್ದರೆ ಚಿಂತೆ ಬೇಡ, ಬದಲಾಯಿಸಬಹುದು. ಅದರ ದುಡ್ಡನ್ನು ಬೆಲೆಯಲ್ಲಿ ಕಳೆಯಿರಿ, ಅಷ್ಟೇ. ಸ್ಟೀಲ್ ಹಗ್ಗದಲ್ಲಿ ಎಳೆ ಮುರಿದಿದ್ದರೆ, ಮಡಚಿದ ಗುರುತಿದ್ದರೆ ಅದನ್ನು ಬಳಸಲೇಬೇಡಿ.

ಮಲೆನಾಡಿನ ಹಳೆ ಮಾಲಿನಲ್ಲಿ ನಿಜವಾದ ಶತ್ರು ನೀರು. ಕೆಸರಲ್ಲಿ ಮುಳುಗಿ, ಆಮೇಲೆ ಮಳೆಗಾಲವಿಡೀ ಸುಮ್ನೆ ಕೂತ ವಿಂಚ್‌ನ ಮೋಟಾರ್ ಒಳಗೆ ತುಕ್ಕು ಹಿಡಿದಿರುತ್ತದೆ. ಹೊರಗೆ ಹೊಸ ಪೇಂಟ್ ಹೊಡೆದಿದ್ದರೆ ಇನ್ನೂ ಎಚ್ಚರ. ಆಗುವುದಾದರೆ ಮೋಟಾರ್ ಬಿಚ್ಚಿಸಿ ಬ್ರಷ್ (ಒಳಗೆ ಕರೆಂಟ್ ಮುಟ್ಟಿಸುವ ಕಾರ್ಬನ್ ತುಂಡು) ನೋಡಿ. ಡ್ರಮ್ಮನ್ನು ಗೇರ್‌ಗೆ ಜೋಡಿಸುವ ವಿಂಚ್‌ನ ಕ್ಲಚ್ ಬಿಡಿಸಿ ಹಗ್ಗವನ್ನು ಕೈಯಲ್ಲಿ ಎಳೆಯಿರಿ, ತಡೆಯಿಲ್ಲದೆ ಬರಬೇಕು. ಕ್ಲಚ್ ಹಾಕಿದ ಮೇಲೆ ಜಾರಬಾರದು. ರಿಮೋಟ್ ಒತ್ತಿದಾಗ ಸುತ್ತುವುದೂ ಬಿಚ್ಚುವುದೂ ಎರಡೂ ಆಗಬೇಕು.

ಇನ್ನು ಮುಖ್ಯ ಪರೀಕ್ಷೆ, ವಿಂಚ್‌ನದೇ ಬ್ರೇಕ್. ವಿಂಚ್ ಕೂರಿಸಿದ ಗಾಡಿಯನ್ನು ಸಣ್ಣ ಇಳಿಜಾರಿಗೆ ತನ್ನಿ. ಮೇಲುಗಡೆ ದಪ್ಪನೆಯ, ಗಟ್ಟಿ ಬೇರಿನ ಮರಕ್ಕೆ ಅಗಲ ಬೆಲ್ಟ್ ಸುತ್ತಿ ಹುಕ್ಕು ಹಾಕಿ. ಮೆಣಸಿನ ಬಳ್ಳಿ ಹಬ್ಬಿದ ಮರ ಬೇಡ, ಬೆಲ್ಟ್ ಬಿಗಿದರೆ ಬಳ್ಳಿ ಹಾಳು. ಡ್ರಮ್‌ನಲ್ಲಿ ಸ್ಟೀಲ್ ಹಗ್ಗವಾದರೆ ಕನಿಷ್ಠ 5 ಸುತ್ತು, ಸಿಂಥೆಟಿಕ್ ಆದರೆ 10 ಸುತ್ತು ಉಳಿದಿರಲಿ. ಹಗ್ಗದ ಮೇಲೆ ದಪ್ಪ ಕಂಬಳಿ ಹಾಕಿ. ಹಗ್ಗದ ನೇರಕ್ಕೆ, ಗಾಡಿಯ ಹಿಂದೆ ಯಾರೂ ನಿಲ್ಲಬಾರದು, ಹಗ್ಗ ದಾಟಲೂಬಾರದು. ಕೈಗೆ ಚರ್ಮದ ಗ್ಲೌಸ್ ಇರಲಿ.

ಎಂಜಿನ್ ಚಾಲೂ ಇಟ್ಟು, ಗೇರ್ ನ್ಯೂಟ್ರಲ್‌ಗೆ ತಂದು, ಒಬ್ಬರು ಸ್ಟೀರಿಂಗ್ ಹಿಡಿದು ಕಾಲನ್ನು ಗಾಡಿಯ ಬ್ರೇಕ್ ಹತ್ತಿರವೇ ಇಟ್ಟುಕೊಂಡಿರಲಿ. ನಿಧಾನವಾಗಿ ಎಳೆಸಿ. ಅರ್ಧದಲ್ಲಿ ಬಟನ್ ಬಿಡಿ. ಗಾಡಿ ಅಲ್ಲೇ ನಿಲ್ಲಬೇಕು. ಒಂದು ಗೇಣು ಹಿಂದೆ ಜಾರಿ ನಿಂತರೂ ವಿಂಚ್‌ನ ಬ್ರೇಕ್ ಸವೆದಿದೆ ಎಂದೇ ತಿಳಿಯಿರಿ. ಇದೇ ವಿಂಚ್ ನಾಳೆ ಕಡಿದಾದ ಏರಿನಲ್ಲಿ ನಿಮ್ಮ ಗಾಡಿಯನ್ನು ಹಿಡಿದು ನಿಲ್ಲಿಸಬೇಕು, ಅಲ್ವಾ? ಮೇಲೆ ಬಂದ ಮೇಲೆ ಬಿಚ್ಚುವ ಬಟನ್ ಒತ್ತಿ ಅದೇ ಭಾರದೊಂದಿಗೆ ಕೆಳಗೆ ಬಿಡಿ. ಜರ್ಕ್ ಹೊಡೆಯಬಾರದು, ಗೇರ್ ಕರಕರ ಎನ್ನಬಾರದು, ಸುಟ್ಟ ವಾಸನೆ ಬರಬಾರದು. ಪೂರ್ತಿ ಭಾರಕ್ಕೆ ಇಂಥ ವಿಂಚ್ ಸುಮಾರು 400 ಆಂಪಿಯರ್ ಕರೆಂಟ್ ಎಳೆಯುತ್ತದೆ. ಹಾಗಾಗಿ ತೆಳ್ಳಗಿನ ಕೇಬಲ್, ಸೋತ ಬ್ಯಾಟರಿ ಇಟ್ಟು ಪರೀಕ್ಷೆ ಮಾಡಿದರೆ ಒಳ್ಳೆ ವಿಂಚೂ ಸೋಲುತ್ತದೆ.

ಭಾರ ಹಾಕಿ ನೋಡಲು ಮಾರುವವರು ಒಪ್ಪದಿದ್ದರೆ ಬಿಟ್ಟು ಬನ್ನಿ. ಒಪ್ಪಿ, ಎಲ್ಲ ಸರಿ ಬಂದರೆ ಬ್ರಷ್, ಸೊಲೆನಾಯ್ಡ್ (ಮೋಟಾರ್‌ಗೆ ಕರೆಂಟ್ ಬಿಡುವ ಸ್ವಿಚ್), ಬ್ರೇಕ್ ಪ್ಯಾಡ್ ಹಾಸನದಲ್ಲೋ ಬೆಂಗಳೂರಿನಲ್ಲೋ ಸಿಗುತ್ತವೆಯೇ ಎಂದು ವಿಚಾರಿಸಿ, ಆಮೇಲೆ ಬೆಲೆ ಮಾತಾಡಿ. ಮನೆಗೆ ತಂದ ಮೇಲೆ ಹಗ್ಗ ಬಿಚ್ಚಿ, ಸ್ವಲ್ಪ ಭಾರದ ಮೇಲೆ ಮತ್ತೆ ಬಿಗಿಯಾಗಿ ಸುತ್ತಿ. ಸಡಿಲವಾಗಿ ಸುತ್ತಿದ ಹಗ್ಗ ಎಳೆಯುವಾಗ ಕೆಳಗಿನ ಪದರದೊಳಗೆ ಹೊಕ್ಕು ಸಿಕ್ಕಿಕೊಳ್ಳುತ್ತದೆ.