ಮ್ಯಾನೇಜರ್ ತೆಗೆದರೆ ತಂಡ ಗೆಲ್ಲುತ್ತಾ? ಎಕ್ಸೆಲ್‌ನಲ್ಲಿ ನನ್ನ ಹಲವು ವರ್ಷ

2018ರ ಡಿಸೆಂಬರ್‌ನಲ್ಲಿ ಇಂಗ್ಲೆಂಡಿನ ಫುಟ್‌ಬಾಲ್ ತಂಡ ಮ್ಯಾಂಚೆಸ್ಟರ್ ಯುನೈಟೆಡ್ ತನ್ನ ಮ್ಯಾನೇಜರ್ (ಅಂದರೆ ಮುಖ್ಯ ಕೋಚ್) ಮೊರಿನ್ಯೊನನ್ನು ಮನೆಗೆ ಕಳಿಸಿತು. ಅವನ ಜಾಗಕ್ಕೆ ಸೋಲ್ಶಾರ್ ಬಂದ, ಸಾಲಾಗಿ ಎಂಟು ಗೆಲುವು. ಒಟ್ಟಿಗೆ ಕೂತು ಮ್ಯಾಚ್ ನೋಡುವ ನಮ್ಮ ಗುಂಪಿನಲ್ಲಿ ಎಲ್ಲರದೂ ಒಂದೇ ಮಾತು: ಮ್ಯಾನೇಜರ್ ಬದಲಾದ, ತಂಡ ಗೆದ್ದಿತು. "ಮೊದಲ ಎರಡು ಮ್ಯಾಚ್ ಕಾರ್ಡಿಫ್, ಹಡರ್ಸ್‌ಫೀಲ್ಡ್ ಮೇಲೆ ಕಣ್ರೋ" ಅಂದೆ. ಆ ಸೀಸನ್ ಮುಗಿಯುವಷ್ಟರಲ್ಲಿ ಎರಡೂ ಕೆಳಗಿನ ಡಿವಿಜನ್‌ಗೆ ಇಳಿದವು. ಆದರೆ ಅವತ್ತು ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಲೆಕ್ಕ ಹಾಕಿಯೇ ತೋರಿಸೋಣ ಅಂತ ಕೂತೆ.

ಮೊದಲು ಸುಮ್ನೆ ಮ್ಯಾನೇಜರ್ ತೆಗೆದ ತಂಡಗಳ ಹಿಂದಿನ ಹತ್ತು ಪಂದ್ಯ, ಮುಂದಿನ ಹತ್ತು ಪಂದ್ಯ ಹೋಲಿಸಿದೆ. ಹಿಂದೆ ಪಂದ್ಯಕ್ಕೆ ಸುಮಾರು ಮುಕ್ಕಾಲು ಅಂಕ, ಮುಂದೆ ಒಂದೂಕಾಲು. ಅಂದರೆ ಅವರೇ ಸರಿ! ಒಂದು ವಾರ ನನಗೆ ಮಂಗಳಾರತಿ.

ಆಮೇಲೆ ದುಡ್ಡು ಸುರಿದೆ. ಎಕ್ಸ್‌ಜಿ (ಸಿಕ್ಕ ಅವಕಾಶಗಳಿಗೆ ಎಷ್ಟು ಗೋಲು ಆಗಬೇಕಿತ್ತು ಅನ್ನೋ ಲೆಕ್ಕ) ಡೇಟಾಗೆ ಹತ್ತಿರ ಹತ್ತಿರ 14 ಸಾವಿರ ಕಟ್ಟಿದರೆ ಅದರಲ್ಲಿ ಹಳೇ ಸೀಸನ್‌ಗಳೇ ಇರಲಿಲ್ಲ. ಹೆಂಡತಿಗೆ ಇವತ್ತಿಗೂ ಆರು ಸಾವಿರ ಅಂತಲೇ ಗೊತ್ತು. ಕೊನೆಗೆ ಪುಕ್ಕಟೆ ಸಿಗುವ, ಪಂದ್ಯದ ಫಲಿತಾಂಶಗಳಿರುವ ಸಿಎಸ್‌ವಿ ಫೈಲ್‌ಗಳಿಗೇ ಮರಳಿದೆ. ಅಲ್ಲೂ ಎಡವಟ್ಟು. ಲ್ಯಾಪ್‌ಟಾಪ್ ಅಮೆರಿಕದ ಸೆಟ್ಟಿಂಗ್‌ನಲ್ಲಿತ್ತು. ತಾರೀಕಿನಲ್ಲಿ ತಿಂಗಳನ್ನೇ ಮೊದಲು ಓದಿ, ಜನವರಿ 5ರ ಪಂದ್ಯ ಮೇ 1ಕ್ಕೆ ಹೋಗಿ ಕೂತಿತ್ತು. ಮೂರು ತಿಂಗಳ ಕೆಲಸ ನೀರಿಗೆ.

ದಾರಿ ಸಿಕ್ಕಿದ್ದು ತೆಗೆದವರನ್ನು ಬಿಟ್ಟು ತೆಗೆಯದವರನ್ನು ನೋಡಿದಾಗ. ಅಷ್ಟೇ ಕೆಟ್ಟದಾಗಿ ಆಡಿಯೂ ಮ್ಯಾನೇಜರ್‌ನನ್ನು ಉಳಿಸಿಕೊಂಡ ತಂಡವನ್ನು ಪ್ರತಿ ವಜಾಕ್ಕೂ ಜೋಡಿ ಮಾಡಿದೆ. ಎದುರಾಳಿಯ ಬಲಕ್ಕೆ ಬುಕ್ಕಿಗಳ ಆಡ್ಸ್ (ಯಾರು ಗೆಲ್ಲಬಹುದು ಅಂತ ಅವರು ಇಡುವ ಬಾಜಿ ದರ) ಇಟ್ಟುಕೊಂಡೆ. ಹದಿನೈದು ಸೀಸನ್, ಎಪ್ಪತ್ತು ಚಿಲ್ಲರೆ ಜೋಡಿ. ತೆಗೆಯದವರೂ ಹೆಚ್ಚುಕಮ್ಮಿ ಅಷ್ಟೇ ಮೇಲೆ ಬಂದಿದ್ದರು! ವ್ಯತ್ಯಾಸ ಪಂದ್ಯಕ್ಕೆ 0.1 ಅಂಕವೂ ಇಲ್ಲ. ಹಂಗಾಮಿ ಮ್ಯಾನೇಜರ್‌ನ ಪಂದ್ಯಗಳನ್ನು ಯಾರ ಲೆಕ್ಕಕ್ಕೆ ಹಾಕಿದೆ ಅಂತ ಮಾತ್ರ ಕೇಳಬೇಡಿ. ಅದು ನನ್ನ ಹತ್ತಿರವೇ ಇರಲಿ.

2021ರ ಆಗಸ್ಟ್‌ನಲ್ಲಿ ಪರೀಕ್ಷೆ ಬಂತು. ಆರ್ಸೆನಲ್ ಮೊದಲ ಮೂರೂ ಪಂದ್ಯ ಸೋತಿತ್ತು. ಹೊಡೆದ ಗೋಲು ಸೊನ್ನೆ, ತಿಂದದ್ದು ಒಂಬತ್ತು, ಪಟ್ಟಿಯಲ್ಲಿ ಕೊನೇ ಸ್ಥಾನ. ಮ್ಯಾನೇಜರ್ ಆರ್ಟೆಟಾನನ್ನು ಓಡಿಸಿ ಅಂತ ಗುಂಪಿನಲ್ಲಿ ಗಲಾಟೆ. ನನ್ನ ಶೀಟ್ ನೋಡಿದರೆ ಆ ಮೂರರಲ್ಲಿ ಎರಡು ಚೆಲ್ಸಿ, ಮ್ಯಾಂಚೆಸ್ಟರ್ ಸಿಟಿ ವಿರುದ್ಧ, ಸೋಲುವುದೇ ಲೆಕ್ಕ. "ಇಟ್ಟುಕೊಂಡರೂ ಏಳ್ತಾರೆ" ಅಂತ ಎಂಟು ಪ್ಲೇಟ್ ಬೆಣ್ಣೆ ದೋಸೆ ಪಣ ಕಟ್ಟಿದೆ. ಮುಂದಿನ ಎಂಟು ಲೀಗ್ ಪಂದ್ಯಗಳಲ್ಲಿ ಸೋಲೇ ಇಲ್ಲ, ಸೀಸನ್ ಕೊನೆಗೆ ಐದನೇ ಸ್ಥಾನ. ದೋಸೆ ತಿಂದಾಯಿತು.

ಟುಕೆಲ್ ಮಾತ್ರ ನನ್ನ ಲೆಕ್ಕಕ್ಕೆ ಇವತ್ತಿಗೂ ಸಿಕ್ಕಿಲ್ಲ. 2021ರ ಜನವರಿಯಲ್ಲಿ ಚೆಲ್ಸಿಗೆ ಹೊಸ ಮ್ಯಾನೇಜರ್ ಆಗಿ ಬಂದ, ಮೇನಲ್ಲಿ ಯುರೋಪಿನ ದೊಡ್ಡ ಕಪ್ ಚಾಂಪಿಯನ್ಸ್ ಲೀಗ್ ಎತ್ತಿದ. ಅಂಥವನೂ ಒಬ್ಬ ಇರುತ್ತಾನೆ ಅಲ್ವಾ.

ಆಮೇಲೆ ಬೆಂಗಳೂರು ಎಫ್‌ಸಿ ಮೇಲೂ ಕೈ ಇಟ್ಟೆ. 2022-23ರಲ್ಲಿ ತಂಡ ಪಟ್ಟಿಯ ಕೆಳಗಿದ್ದಾಗಲೂ ಮ್ಯಾನೇಜರ್ ಗ್ರೇಸನ್‌ನನ್ನು ಉಳಿಸಿಕೊಂಡರು. ಸಾಲಾಗಿ ಎಂಟು ಲೀಗ್ ಗೆಲುವು, ಫೈನಲ್‌ವರೆಗೆ ಹೋದರು. ಮರು ಸೀಸನ್‌ನಲ್ಲಿ ತೆಗೆದರು, ಆ ಸಲ ಹತ್ತನೇ ಸ್ಥಾನ. ಗುಂಪಿನಲ್ಲಿ ಹೇಳಿಕೊಳ್ಳಲು ಚೆನ್ನಾಗಿದೆ, ಆದರೆ ಐಎಸ್‌ಎಲ್‌ನಲ್ಲಿ (ಇಂಡಿಯನ್ ಸೂಪರ್ ಲೀಗ್) ಜೋಡಿ ಹುಡುಕುವಷ್ಟು ತಂಡಗಳೇ ಇಲ್ಲ.

ಈಗ ಇಂಗ್ಲೆಂಡಿನ ಎರಡನೇ ಡಿವಿಜನ್ ಹಿಡಿದಿದ್ದೇನೆ. 24 ತಂಡ, ತಂಡಕ್ಕೆ 46 ಪಂದ್ಯ, ವಜಾಗಳೂ ಜಾಸ್ತಿ. ತಾರೀಕಿನ ಸೆಟ್ಟಿಂಗ್ ಈ ಸಲ ಮೊದಲೇ ನೋಡಿಕೊಂಡೆ.