ಎಂಟು ಡಬ್ಬಿ ಕಂಡರೂ ಕೋರ್ ನಾಲ್ಕೇ ಇರಬಹುದು

ಹಳೇ ಲ್ಯಾಪ್‌ಟಾಪ್ ಕೊಂಡವರು ನನಗೆ ಫೋನ್ ಮಾಡುವುದು ಸಾಮಾನ್ಯವಾಗಿ ಎರಡನೇ ದಿನ. ಹೋದ ತಿಂಗಳು ತಂಗಿ ಮಗ ಮಾಡಿದ. ಅಂಗಡಿಯವರು ಎಂಟು ಕೋರ್ (ಪ್ರೊಸೆಸರ್ ಚಿಪ್ ಒಳಗೆ ನಿಜವಾಗಿ ಕೆಲಸ ಮಾಡುವ ಘಟಕ) ಅಂದರಂತೆ, ಡಿವೈಸ್ ಮ್ಯಾನೇಜರ್‌ನಲ್ಲೂ ಎಂಟು ಸಾಲು ಇದೆಯಂತೆ, ಆದರೆ ವಿಡಿಯೊ ರೆಂಡರ್‌ಗೆ ಹಾಕಿದರೆ ಮುಗಿಯುವುದೇ ಇಲ್ಲವಂತೆ. ಹೋಗಿ ನೋಡಿದರೆ ನಾಲ್ಕೇ ಕೋರ್.

ಯಾವುದಾದರೂ ದರ್ಶಿನಿಯ ದೋಸೆ ಭಟ್ಟರನ್ನು ನೆನಪಿಸಿಕೊಳ್ಳಿ. ಕಾವಲಿ ಒಂದು, ಎದುರಿಗೆ ಕ್ಯೂ ಎರಡು. ಈ ಕ್ಯೂನವನು ಟೋಕನ್ ಹುಡುಕುತ್ತಾ ನಿಂತರೆ ಸುಮ್ನೆ ಕೂರದೆ ಆ ಕ್ಯೂನವನ ದೋಸೆ ಹುಯ್ಯುತ್ತಾರೆ. ಇಂಟೆಲ್ 2002ರಲ್ಲಿ ತಂದ ಹೈಪರ್‌ಥ್ರೆಡಿಂಗ್ ಹೆಚ್ಚುಕಮ್ಮಿ ಇದೇ. ಆಪರೇಟಿಂಗ್ ಸಿಸ್ಟಮ್ ಕ್ಯೂ ಲೆಕ್ಕ ಹಾಕಿ ಎರಡು ಪ್ರೊಸೆಸರ್ ಅಂತ ಬರೆದುಕೊಳ್ಳುತ್ತದೆ, ಅವು ಲಾಜಿಕಲ್. ಭಟ್ಟರು ಒಬ್ಬರೇ, ಅದು ಫಿಸಿಕಲ್ ಕೋರ್.

ವಿಂಡೋಸ್‌ನಲ್ಲಿ ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಒಟ್ಟಿಗೆ ಒತ್ತಿದರೆ ಟಾಸ್ಕ್ ಮ್ಯಾನೇಜರ್ ತೆರೆಯುತ್ತದೆ, ಪರ್ಫಾರ್ಮೆನ್ಸ್‌ನಲ್ಲಿ ಸಿಪಿಯು ಆರಿಸಿ. ಗ್ರಾಫ್ ಡಬ್ಬಿಗಳನ್ನು ಎಣಿಸಬೇಡಿ, ಅವು ಲಾಜಿಕಲ್. ಕೆಳಗೆ ಕೋರ್ಸ್ ಅಂತ ಬೇರೆಯೇ ಸಾಲಿದೆ. ಮುಗಿಯಿತು. ಇದಕ್ಕೆಂದು ಯಾವುದೋ ಉಚಿತ ಬೂಸ್ಟರ್ ಹಾಕಿಕೊಳ್ಳಬೇಡಿ, ಅದು ತರುವುದು ಬರೀ ಜಾಹೀರಾತು.

ಆಪಲ್‌ನ ಎಂ ಸರಣಿಯ ಚಿಪ್ ಇರುವ ಮ್ಯಾಕ್‌ನಲ್ಲಿ ಒಂದು ಕೋರ್‌ಗೆ ಒಂದೇ ಥ್ರೆಡ್, ಅಂದರೆ ಒಂದೇ ಕ್ಯೂ, ಗೊಂದಲವೇ ಇಲ್ಲ.

ಎಡವುವುದು ಲಿನಕ್ಸ್‌ನಲ್ಲಿ. ಟರ್ಮಿನಲ್‌ನಲ್ಲಿ ಎಲ್‌ಎಸ್‌ಸಿಪಿಯು (lscpu) ಎಂಬ ಕಮಾಂಡ್ ಕೊಟ್ಟರೆ ಮೇಲೆಯೇ ಸಿಪಿಯು ಎಂಬ ಸಾಲು ಬರುತ್ತದೆ, ಎಲ್ಲರೂ ಅದನ್ನೇ ಕೋರ್ ಅಂದುಕೊಂಡು ಎದ್ದು ಹೋಗುತ್ತಾರೆ, ಅದು ಲಾಜಿಕಲ್ ಲೆಕ್ಕ. ನಿಮಗೆ ಬೇಕಾದ್ದು ಕೆಳಗಿದೆ. 'ಒಂದು ಸಾಕೆಟ್‌ಗೆ ಎಷ್ಟು ಕೋರ್' ಎಂಬುದನ್ನು ಸಾಕೆಟ್ (ಚಿಪ್ ಕೂರುವ ಜಾಗ) ಸಂಖ್ಯೆಯಿಂದ ಗುಣಿಸಿ. ಅಲ್ಲಿಗೆ ನಿಲ್ಲಿಸಿ, ಥ್ರೆಡ್ ಸಂಖ್ಯೆ ಸೇರಿಸಿ ಮತ್ತೆ ಗುಣಿಸಬೇಡಿ. ಯಾಕೆಂದರೆ 2021ರ ಕೊನೆಯಿಂದ ಬಂದ ಇಂಟೆಲ್‌ನ 12ನೇ ತಲೆಮಾರಿನ ಬಹಳಷ್ಟು ಚಿಪ್‌ಗಳಲ್ಲಿ ಎರಡು ಜಾತಿಯ ಕೋರ್ ಇವೆ, ದೊಡ್ಡದಕ್ಕೆ ಎರಡು ಥ್ರೆಡ್, ಚಿಕ್ಕದಕ್ಕೆ ಒಂದೇ. ಐ5-1235ಯುನಲ್ಲಿ ದೊಡ್ಡವು 2, ಚಿಕ್ಕವು 8, ಒಟ್ಟು 10 ಕೋರ್, 12 ಲಾಜಿಕಲ್. ಸುಮ್ಮನೆ ಗುಣಿಸಿದವನಿಗೆ 20 ಸಿಗುತ್ತದೆ!

ಇನ್ನು ಕೆಲವರು ಲಿನಕ್ಸ್ ಪ್ರೊಸೆಸರ್ ವಿವರ ಇಡುವ ಸಿಪಿಯುಇನ್ಫೊ (cpuinfo) ಫೈಲ್ ತೆರೆದು, ಫ್ಲ್ಯಾಗ್ಸ್‌ನಲ್ಲಿ ಎಚ್‌ಟಿ ಕಂಡ ಕೂಡಲೇ ಹೈಪರ್‌ಥ್ರೆಡಿಂಗ್ ಇದೆ ಅಂತ ತೀರ್ಮಾನಿಸುತ್ತಾರೆ. ಬಯೋಸ್‌ನಲ್ಲಿ (ಕಂಪ್ಯೂಟರ್ ಶುರುವಾಗುವಾಗಿನ ಸೆಟ್ಟಿಂಗ್) ಅದನ್ನು ಆಫ್ ಮಾಡಿದ್ದರೂ ಆ ಎರಡಕ್ಷರ ಅಲ್ಲೇ ಕೂತಿರಬಹುದು. ಅದೇ ಫೈಲಿನ ಸಿಬ್ಲಿಂಗ್ಸ್ (ಲಾಜಿಕಲ್ ಲೆಕ್ಕ) ಮತ್ತು ಸಿಪಿಯು ಕೋರ್ಸ್ (ಫಿಸಿಕಲ್ ಲೆಕ್ಕ) ಎರಡನ್ನೂ ಹೋಲಿಸಿ. ಸಿಬ್ಲಿಂಗ್ಸ್ ಜಾಸ್ತಿ ಇದ್ದರೆ ಹೈಪರ್‌ಥ್ರೆಡಿಂಗ್ ಓಡುತ್ತಿದೆ. ಎನ್‌ಪ್ರಾಕ್ (nproc) ಕಮಾಂಡ್ ಎಂಬ ಶಾರ್ಟ್‌ಕಟ್ ಬೇಡವೇ ಬೇಡ. ಅದು ಆ ಪ್ರೋಗ್ರಾಮ್‌ಗೆ ಸಿಕ್ಕ ಲಾಜಿಕಲ್ ಪಾಲನ್ನಷ್ಟೇ ಹೇಳುತ್ತದೆ.

ವರ್ಚುವಲ್ ಮಷೀನ್ (ಕಂಪ್ಯೂಟರ್ ಒಳಗೆ ಸಾಫ್ಟ್‌ವೇರ್ ಕಟ್ಟಿದ ಇನ್ನೊಂದು ಕಂಪ್ಯೂಟರ್) ಒಳಗೆ ಕೂತು ಇದನ್ನೆಲ್ಲ ಮಾಡಿದರೆ ಅದಕ್ಕೆ ಕೊಟ್ಟಷ್ಟೇ ಕಾಣುತ್ತದೆ, ನಿಜವಾದ ಚಿಪ್ ಅಲ್ಲ. ಹಳೇ ಲ್ಯಾಪ್‌ಟಾಪ್ ಕೊಳ್ಳಲು ಬೆಂಗಳೂರಿನ ಎಸ್.ಪಿ. ರಸ್ತೆಗೆ ಹೋಗುವವರು ದುಡ್ಡು ಕೊಡುವ ಮುಂಚೆ ಟಾಸ್ಕ್ ಮ್ಯಾನೇಜರ್ ತೆರೆಸಿ, ಅರ್ಧ ನಿಮಿಷದ ಕೆಲಸ ಅಲ್ವಾ?